ಅಡಿಕೆ ಚೀಲಗಳ ಲೆಕ್ಕಕ್ಕೆ ಫಾರ್ ಲೂಪ್

ಶಿರಸಿ ಪೇಟೆಗೆ ಅಡಿಕೆ ಕಳುಹಿಸುವ ಮುನ್ನ ಮನೆಯಲ್ಲೇ ಚೀಲಗಳನ್ನು ತೂಗಿ ಬರೆದಿಟ್ಟುಕೊಂಡಿದ್ದೀರಿ ಎನ್ನೋಣ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆ ಪಟ್ಟಿಯನ್ನು ಚೌಕಾವರಣದೊಳಗೆ ಬರೆಯಬೇಕು. ತೂಗದೇ ಉಳಿದ ಚೀಲಕ್ಕೆ ಸೊನ್ನೆ.

ತೂಕಗಳು = [52, 0, 0, 48]
ಒಟ್ಟು = 0
ಫಾರ್ ತೂಕ ಇನ್ ತೂಕಗಳು:
    ಒಟ್ಟು = ಒಟ್ಟು + ತೂಕ

ಫಾರ್ (for), ಇನ್ (in) ಎಂಬ ಪದಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ತೂಕ, ಒಟ್ಟು ಮುಂತಾದ ಹೆಸರುಗಳನ್ನು ಮಾತ್ರ ಪೈಥಾನ್ 3 ಕನ್ನಡ ಲಿಪಿಯಲ್ಲೇ ಒಪ್ಪುತ್ತದೆ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲವೇಕೋ! ಮೂರನೆಯ ಸಾಲಿನ ಕೊನೆಗೆ ಎರಡು ಚುಕ್ಕಿ, ನಾಲ್ಕನೆಯದರ ಮೊದಲಿಗೆ ನಾಲ್ಕು ಖಾಲಿ ಜಾಗ ಮರೆಯಬೇಡಿ. ಲೂಪ್ ಪಟ್ಟಿಯಿಂದ ಒಂದೊಂದೇ ಸಂಖ್ಯೆಯನ್ನು ಎತ್ತಿ ‘ತೂಕ’ಕ್ಕೆ ಕೊಡುತ್ತದೆ. ಕೊನೆಗೆ ಒಟ್ಟು 100.

ಸಿ ಭಾಷೆ ಕಲಿತು ಬಂದವರು ಇಲ್ಲಿಯೂ ಸ್ಥಾನಸಂಖ್ಯೆ ಹಿಡಿದೇ ಹೊರಡುತ್ತಾರೆ. ಬೇಕಿಲ್ಲ. ಸ್ಥಾನ 0ಯಿಂದ ಶುರುವಾಗುವುದರಿಂದ ಒಂದು ಹೆಚ್ಚು ಕಡಿಮೆಯಾಗುವ ತಪ್ಪುಗಳು ಹುಟ್ಟುವುದೇ ಅಲ್ಲಿ. ಚೀಲದ ಕ್ರಮಸಂಖ್ಯೆ ಬೇಕೇ ಬೇಕೆಂದರೆ ಎನ್ಯೂಮರೇಟ್ (enumerate) ಇದೆ; ಅದಕ್ಕೆ ಸ್ಟಾರ್ಟ್ = 1 (start=1) ಎಂದು ಹೇಳಿದರೆ ನಮ್ಮ ರೂಢಿಯಂತೆ ಒಂದರಿಂದಲೇ ಎಣಿಸುತ್ತದೆ.

ಒಂದು ಚೀಲ ಚಾಲಿ, ಇನ್ನೊಂದು ರಾಶಿ, ಮತ್ತೊಂದು ಬೆಟ್ಟೆ ಹೀಗೆ ಬೇರೆ ಬಗೆಯ ಅಡಿಕೆಯಾಗಿದ್ದರೆ ದರವೂ ಬೇರೆ ಬೇರೆ. ಆಗ ತೂಕ, ದರಗಳ ಎರಡು ಪಟ್ಟಿಗಳನ್ನು ಜಿಪ್ (zip) ಜೊತೆಜೊತೆಯಾಗಿ ಕೊಡುತ್ತದೆ. ದರ ಕ್ವಿಂಟಲಿನದು, ತೂಕ ಕಿಲೋದ್ದು. ಗುಣಿಸಿ 100ರಿಂದ ಭಾಗಿಸಿ. ದರದ ಪಟ್ಟಿಯಲ್ಲಿ ಒಂದು ಸಂಖ್ಯೆ ಕಡಿಮೆಯಿದ್ದರೆ ಜಿಪ್ ತುಟಿಪಿಟಕ್ಕೆನ್ನದೆ ಕೊನೆಯ ಚೀಲವನ್ನು ಬಿಟ್ಟುಬಿಡುತ್ತದೆ. ಪೈಥಾನ್ 3.10ರಿಂದೀಚೆಗೆ ‘ಸ್ಟ್ರಿಕ್ಟ್ = ಟ್ರೂ’ (strict=True) ಎಂದು ಸೇರಿಸಿದರೆ ದೋಷ ತೋರಿಸಿ ನಿಲ್ಲುತ್ತದೆ. ದುಡ್ಡಿನ ಲೆಕ್ಕದಲ್ಲಿ ಇದನ್ನು ತಪ್ಪಿಸಬೇಡಿ.

ನಿಜವಾದ ಹೊಂಡ ಇರುವುದು ಸೊನ್ನೆಗಳನ್ನು ತೆಗೆಯುವಲ್ಲಿ. ಲೂಪ್ ಓಡುತ್ತಿರುವಾಗಲೇ ಅದೇ ಪಟ್ಟಿಯಿಂದ ಸೊನ್ನೆಯನ್ನು ಅಳಿಸಿದರೆ ಉಳಿಯುವುದು [52, 0, 48]. ಎರಡನೆಯ ಸ್ಥಾನದ ಸೊನ್ನೆ ಹೋದೊಡನೆ ಮುಂದಿನದು ಆ ಜಾಗಕ್ಕೆ ಸರಿಯಿತು; ಲೂಪ್ ಮಾತ್ರ ಮೂರನೆಯ ಸ್ಥಾನಕ್ಕೆ ನಡೆದಾಗಿತ್ತು. ಸೊನ್ನೆ ಒಂದೇ ಇದ್ದಾಗ ಉತ್ತರ ಸರಿಯಾಗಿಯೇ ಬರುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಪಟ್ಟಿಯನ್ನು ಮುಟ್ಟದೆ, ಬೇಕಾದ್ದನ್ನು ಹೊಸದಕ್ಕೆ ಸೇರಿಸಿ (ಇಫ್, ಅಪೆಂಡ್ ಕೂಡ ಇಂಗ್ಲಿಷ್ ಅಕ್ಷರಗಳಲ್ಲೇ: if, append):

ಉಳಿದವು = []
ಫಾರ್ ತೂಕ ಇನ್ ತೂಕಗಳು:
    ಇಫ್ ತೂಕ > 0:
        ಉಳಿದವು.ಅಪೆಂಡ್(ತೂಕ)

ಈಗ ಸಿಗುವುದು [52, 48]. ತೂಗದ ಚೀಲಗಳೆಷ್ಟು ಎಂದು ನಂತರ ಯಾರಾದರೂ ಕೇಳಿದರೆ ಹೇಳಲು ಹಳೆಯ ಪಟ್ಟಿಯೂ ಹಾಗೆಯೇ ಇರುತ್ತದೆ.