ಸಣ್ಣ ಕಚೇರಿಯ ಸರ್ವರ್‌ಗೆ ಆಪರೇಟಿಂಗ್ ಸಿಸ್ಟಂ ಆರಿಸುವುದು ಹೇಗೆ?

ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಗಳ ಕಚೇರಿ, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ಗೊಬ್ಬರದ ಅಂಗಡಿಗಳಲ್ಲಿ ಸರ್ವರ್ ಕೊಳ್ಳುವ ಕ್ರಮವೇ ಬಹುಮಟ್ಟಿಗೆ ತಲೆಕೆಳಗಾಗಿದೆ. ಮೊದಲು ಯಂತ್ರ ಬರುತ್ತದೆ, ಅಂಗಡಿಯವರು ಹಾಕಿಕೊಟ್ಟ ಆಪರೇಟಿಂಗ್ ಸಿಸ್ಟಂ ಅದರಲ್ಲಿ ಉಳಿಯುತ್ತದೆ, ಅದು ನಮ್ಮ ಕೆಲಸಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆ ಕೊಯ್ಲಿನ ನಡುವೆ ಬಿಲ್ ಹಾಕಲಾಗದೆ ನಿಂತಾಗ ಏಳುತ್ತದೆ. ಐದರಿಂದ ಹದಿನೈದು ಕಂಪ್ಯೂಟರ್‌ಗಳಿರುವ ಕಚೇರಿಗೆ ಸರಿಯಾದ ಕ್ರಮ ಹೀಗಿದೆ.

ಮೊದಲ ಹಂತ, ಪಟ್ಟಿ. ಕಚೇರಿಯಲ್ಲಿ ಬಳಸುವ ಪ್ರತಿಯೊಂದು ತಂತ್ರಾಂಶದ ಹೆಸರನ್ನೂ ಬರೆದು, ಅದು ಸರ್ವರ್‌ನಲ್ಲಿ ಕಡತಗಳನ್ನಷ್ಟೇ ಇಡುತ್ತದೆಯೇ, ಇಲ್ಲವೇ ಸರ್ವರ್‌ನಲ್ಲೇ ಓಡಬೇಕಾದ ಭಾಗವೂ ಅದಕ್ಕಿದೆಯೇ ಎಂಬುದನ್ನು ಪಕ್ಕದಲ್ಲಿ ಗುರುತಿಸಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಎಕ್ಸೆಲ್ ಹಾಳೆಗಳು, ಸ್ಕ್ಯಾನ್ ಮಾಡಿದ ಬಿಲ್ಲುಗಳು ಬರಿಯ ಕಡತಗಳು. ಅವುಗಳಿಗೆ ಯಾವ ಸಿಸ್ಟಂ ಆದರೂ ಸಾಕು. ಹಲವರು ಒಟ್ಟಿಗೆ ಬಳಸುವ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯಲ್ಲಿ ಲೆಕ್ಕದ ಫೋಲ್ಡರ್ ಲಿನಕ್ಸ್ (ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಂ) ಇರುವ ಯಂತ್ರದಲ್ಲಿ ಇರಬಹುದು, ಆದರೆ ಪರವಾನಗಿ ನೀಡುವ ಸೇವೆ ವಿಂಡೋಸ್ ಕಂಪ್ಯೂಟರ್ ಒಂದರಲ್ಲಿ ಓಡುತ್ತಿರಬೇಕು. ಅದನ್ನು ದಿನವಿಡೀ ಆನ್ ಆಗಿರುವ ಕಂಪ್ಯೂಟರಿನಲ್ಲಿ ಹಾಕಿ. ಲಾರಿ ತೂಗುವ ವೇಬ್ರಿಡ್ಜ್‌ನ ತಂತ್ರಾಂಶ ಸಾಮಾನ್ಯವಾಗಿ ತೂಕದ ಕೋಣೆಯ ವಿಂಡೋಸ್ ಕಂಪ್ಯೂಟರಿಗೆ ಸೀರಿಯಲ್ ಕೇಬಲ್‌ನಿಂದ ಅಂಟಿಕೊಂಡಿರುತ್ತದೆ, ಅದನ್ನು ಅಲ್ಲಿಂದ ಕದಲಿಸಬೇಕಾಗಿಲ್ಲ. ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ), ಚೆರಿ (ಹಣ್ಣನ್ನೇ ಒಣಗಿಸಿದ್ದು), ಔಟ್‌ಟರ್ನ್ (ಅವುಗಳಿಂದ ಸಿಗುವ ಬೀಜದ ಪ್ರಮಾಣ) ಲೆಕ್ಕಕ್ಕೆಂದು ಊರಿನವರೇ ಬರೆದುಕೊಟ್ಟ ತಂತ್ರಾಂಶದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದರ ಹಿಂದೆ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಎಂಬ ದತ್ತಾಂಶ ಸಂಗ್ರಹದ ತಂತ್ರಾಂಶ ಇದ್ದರೆ, ಅದು 2017ರ ಆವೃತ್ತಿಯಿಂದ ಲಿನಕ್ಸ್‌ನಲ್ಲೂ ಓಡುತ್ತದೆ ಎಂಬುದು ನಿಜವಾದರೂ, ತಂತ್ರಾಂಶ ಬರೆದವರು ಲಿನಕ್ಸ್‌ನಲ್ಲಿ ಅದನ್ನು ನೋಡಿಕೊಳ್ಳಲು ಒಪ್ಪುತ್ತಾರೆಯೇ ಎಂಬುದನ್ನು ಅವರಿಂದ ಬರವಣಿಗೆಯಲ್ಲೇ ಪಡೆಯಿರಿ.

ಪಟ್ಟಿಯಲ್ಲಿ ಎಲ್ಲವೂ ಬರಿಯ ಕಡತಗಳೇ ಆಗಿದ್ದರೆ ಲಿನಕ್ಸ್‌ನ ಬಗೆಗಳಾದ ಡೆಬಿಯನ್ ಅಥವಾ ಉಬುಂಟು ಎಲ್‌ಟಿಎಸ್ (ಹೆಚ್ಚು ಕಾಲ ಅಪ್‌ಡೇಟ್ ಸಿಗುವ ಆವೃತ್ತಿ) ಹಾಕಿ, ಅದರ ಮೇಲೆ ಸಾಂಬಾ ಎಂಬ ಕಡತ ಹಂಚುವ ತಂತ್ರಾಂಶದ ಮೂಲಕ ಫೋಲ್ಡರ್ ಹಂಚಿಕೊಳ್ಳಿ. ಎರಡರಲ್ಲಿ ನನ್ನ ಆಯ್ಕೆ ಡೆಬಿಯನ್, ಏಕೆಂದರೆ ಕೇಳದೆ ಏನನ್ನೂ ಬದಲಿಸದ ಸಿಸ್ಟಂ ಸಣ್ಣ ಕಚೇರಿಗೆ ಒಳ್ಳೆಯದು. ಸರ್ವರ್‌ನಲ್ಲೇ ವಿಂಡೋಸ್ ಬೇಕೇಬೇಕಾದ ತಂತ್ರಾಂಶ ಒಂದೇ ಒಂದಿದ್ದರೂ ವಿಂಡೋಸ್ ಸರ್ವರ್ ಕೊಳ್ಳಿ. ಸಾಮಾನ್ಯ ವಿಂಡೋಸ್ 11ನ್ನೇ ಸರ್ವರ್ ಮಾಡುವ ಅಡ್ಡದಾರಿ ಬೇಡ. ಅದು ಒಮ್ಮೆಗೆ 20ಕ್ಕಿಂತ ಹೆಚ್ಚು ಸಂಪರ್ಕಗಳನ್ನು ಒಪ್ಪುವುದಿಲ್ಲ.

ಎರಡನೆಯ ಹಂತ, ಪರವಾನಗಿಯ ಲೆಕ್ಕ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಆವೃತ್ತಿಯ ಬೆಲೆ ಪ್ರೊಸೆಸರಿನ ಕೋರ್‌ಗಳ (ಅದರೊಳಗೆ ಲೆಕ್ಕ ಮಾಡುವ ಘಟಕಗಳ) ಲೆಕ್ಕದಲ್ಲಿದೆ. ನಿಮ್ಮ ಯಂತ್ರದಲ್ಲಿ 8 ಕೋರ್ ಇದ್ದರೂ ಕನಿಷ್ಠ 16 ಕೋರ್‌ಗಳಿಗೆ ಹಣ ಕೊಡಬೇಕು. ಅದರ ಮೇಲೆ ಸಿಎಎಲ್ ಎಂಬ, ಸರ್ವರ್ ಬಳಸಲು ಬೇಕಾದ ಪ್ರತ್ಯೇಕ ಪರವಾನಗಿಯನ್ನು ಒಬ್ಬ ಬಳಕೆದಾರನಿಗೆ ಒಂದರಂತೆ ಅಥವಾ ಒಂದು ಸಾಧನಕ್ಕೆ ಒಂದರಂತೆ ಕೊಳ್ಳಬೇಕು. ಎಂಟು ಕಂಪ್ಯೂಟರ್‌ಗಳಲ್ಲಿ ಹನ್ನೆರಡು ಮಂದಿ ಪಾಳಿಯ ಮೇಲೆ ಕುಳಿತರೆ ಸಾಧನದ ಲೆಕ್ಕವೇ ಅಗ್ಗ. ತೋಟದ ರೈಟರು ರಿಮೋಟ್ ಡೆಸ್ಕ್‌ಟಾಪ್ ಮೂಲಕ, ಅಂದರೆ ದೂರದಿಂದಲೇ ಸರ್ವರ್ ತೆರೆದು, ನಿತ್ಯ ಲೆಕ್ಕ ಬರೆಯುವುದಾದರೆ ಅದಕ್ಕೆ ಮತ್ತೊಂದು ಬಗೆಯ ಸಿಎಎಲ್ ಬೇಕಾಗುತ್ತದೆ, ಏಕೆಂದರೆ ಸಿಸ್ಟಂ ಜೊತೆಗೇ ಬರುವ ಎರಡು ಸಂಪರ್ಕಗಳು ನಿರ್ವಹಣೆಗೆ ಮಾತ್ರ ಮೀಸಲು. ಆ ಮಿತಿಯನ್ನು ಮುರಿಯುವ ಪ್ಯಾಚ್‌ಗಳನ್ನೂ, ಕೆಲವು ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಮಾರುವ ಪರವಾನಗಿ ಕೀಗಳನ್ನೂ ಹತ್ತಿರ ಸೇರಿಸಬೇಡಿ. 25 ಬಳಕೆದಾರರ ಒಳಗಿನ ಕಚೇರಿಯಾದರೆ ಸಿಎಎಲ್ ಬೇಡದ ಎಸೆನ್ಷಿಯಲ್ಸ್ ಆವೃತ್ತಿ ಹೊಸ ಯಂತ್ರದ ಜೊತೆಗೇ ಸಿಗುತ್ತದೆಯೇ ಎಂದು ಮೊದಲು ಕೇಳಿ.

ಮೂರನೆಯ ಹಂತ, ಆಯುಷ್ಯ. ವಿಂಡೋಸ್ ಸರ್ವರ್ 2012 ಆರ್2ರ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳು 2023ರ ಅಕ್ಟೋಬರ್‌ನಲ್ಲೇ ನಿಂತವು, 2016ರದ್ದು 2027ರ ಜನವರಿಯಲ್ಲಿ ನಿಲ್ಲುತ್ತವೆ; 2022ಕ್ಕಿಂತ ಹಳೆಯದನ್ನು ಈಗ ಕೊಳ್ಳಬೇಡಿ. ಉಬುಂಟು 24.04ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಲಿನಕ್ಸ್‌ನ ಮತ್ತೊಂದು ಬಗೆಯಾದ ಸೆಂಟ್‌ಓಎಸ್ 7 ಹಾಕಿಕೊಡುತ್ತೇನೆ ಎನ್ನುವವರನ್ನು ಒಪ್ಪಬೇಡಿ, ಅದರ ಕಾಲ 2024ರ ಜೂನ್‌ನಲ್ಲಿ ಮುಗಿದಿದೆ. ಹಳೆಯ ಸ್ಕ್ಯಾನರ್ ಕೆಲಸ ಮಾಡಲೆಂದು ಫೋಲ್ಡರ್ ಹಂಚುವ ವಿಧಾನವಾದ ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಸರ್ವರ್‌ನಲ್ಲಿ ಮತ್ತೆ ತೆರೆಯುವುದೂ ಕೂಡದು. 2017ರ ಮೇ ತಿಂಗಳಿನಲ್ಲಿ ಕಡತಗಳನ್ನು ಒತ್ತೆಯಿಡುವ ವನ್ನಾಕ್ರೈ ಕುತಂತ್ರಾಂಶ ಹರಡಿದ್ದು ಅದೇ ಬಾಗಿಲಿನಿಂದ. ಸ್ಕ್ಯಾನರ್ ಬದಲಿಸಿ.

ನಾಲ್ಕನೆಯದಾಗಿ, ಕೆಟ್ಟರೆ ಬಂದು ನೋಡುವವರು ಯಾರು ಎಂಬುದನ್ನು ನಿಶ್ಚಯಿಸಿ. ಆಲ್ದೂರಿನ ಕಚೇರಿಗೆ ಲಿನಕ್ಸ್ ಬಲ್ಲವರು ಬೆಂಗಳೂರಿನಿಂದಲೇ ಬರಬೇಕಾದರೆ, ಉಚಿತ ಸಿಸ್ಟಂ ದುಬಾರಿಯಾಗುತ್ತದೆ.

ಐದನೆಯದು ಯುಪಿಎಸ್, ಅಂದರೆ ಕರೆಂಟು ಹೋದಾಗ ಸರ್ವರ್ ನಡೆಸುವ ಬ್ಯಾಟರಿ ಪೆಟ್ಟಿಗೆ. ಮಳೆಗಾಲದ ಕರೆಂಟನ್ನು ನಂಬುವಂತಿಲ್ಲ. ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನೇ ಕ್ರಮವಾಗಿ ಮುಚ್ಚಿಕೊಳ್ಳಬೇಕು. ಮನೆಯ ಇನ್ವರ್ಟರ್ ಸಾಮಾನ್ಯವಾಗಿ ಬ್ಯಾಟರಿ ಮುಗಿಯುತ್ತಿದೆ ಎಂಬ ಸೂಚನೆಯನ್ನು ಸರ್ವರ್‌ಗೆ ಕಳಿಸುವುದಿಲ್ಲ. ಯುಎಸ್‌ಬಿ ಸಂಪರ್ಕವಿರುವ ಯುಪಿಎಸ್ ಕೊಳ್ಳಿ, ಲಿನಕ್ಸ್ ಆದರೆ ಆ ಮಾದರಿ ಯುಪಿಎಸ್‌ನ ಸೂಚನೆ ಓದುವ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ತಂತ್ರಾಂಶದ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿ.

ಅನುಸ್ಥಾಪನೆ ಒಂದು ಮಧ್ಯಾಹ್ನದ ಕೆಲಸ. ಅದನ್ನು ಮಳೆ ಹಿಂದಾದ ಮೇಲೆ, ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರ್‌ಗೆ ಮುನ್ನ ಮುಗಿಸಿ. ಬಳಿಕ ಇಬ್ಬರು ಬೇರೆ ಬೇರೆ ಕಂಪ್ಯೂಟರಿನಿಂದ ಒಂದೇ ಲೆಕ್ಕದಲ್ಲಿ ನಮೂದು ಮಾಡುತ್ತಿರುವಾಗ ಮೂರನೆಯವರು ವರದಿ ಮುದ್ರಿಸಿ ನೋಡಲಿ. ಬ್ಯಾಕಪ್ಪನ್ನು ಮತ್ತೊಂದು ಯಂತ್ರಕ್ಕೆ ಹಾಕಿ, ಹಿಂದಿನ ದಿನದ ಬಿಲ್ಲು ತೆರೆಯುತ್ತದೆಯೇ ಎಂದು ಪರೀಕ್ಷಿಸಿ. ಒಂದು ಪೂರ್ತಿ ತಿಂಗಳ ಲೆಕ್ಕ ಹೊಸ ಸರ್ವರ್‌ನಲ್ಲಿ ತಾಳೆಯಾಗುವವರೆಗೆ ಹಳೆಯ ಯಂತ್ರದ ಡಿಸ್ಕ್ ಅಳಿಸಬೇಡಿ.