ಗೆರೆ ಅಕ್ಷವನ್ನ ಎಲ್ಲಿ ಕತ್ತರಿಸತ್ತೆ? ಮೈನಸ್ ಕಳ್ಕೊಳ್ದೆ ಕಂಡುಹಿಡಿಯೋದು ಹೀಗೆ

ಎಸ್ಸೆಸ್ಸೆಲ್ಸಿ ಮಕ್ಕಳ ಗ್ರಾಫ್ ನೋಡಿದ್ರೆ ಒಂದೇ ತಪ್ಪು ಮತ್ತೆ ಮತ್ತೆ ಕಾಣತ್ತೆ, ಭಾಗಾಕಾರ ಎಲ್ಲಾ ಸರಿ ಇರತ್ತೆ, ಆದ್ರೆ ಗೆರೆ ಮಾತ್ರ ಬೇರೆ ದಿಕ್ಕಿಗೆ ಹೋಗಿರತ್ತೆ. ಕಾರಣ ಎರಡೇ: ಸೊನ್ನೆ ಯಾವುದಕ್ಕೆ ಹಾಕ್ಬೇಕು ಅನ್ನೋ ಗೊಂದಲ, ಇನ್ನೊಂದು ಮೈನಸ್.

ಮೊದಲು ಸೊನ್ನೆ ವಿಷಯ. ಎಕ್ಸ್ ಅಕ್ಷದ ಮೇಲೆ ಎಲ್ಲೇ ನಿಂತ್ರೂ ವೈ ಬೆಲೆ 0. ಅದಕ್ಕೇ ಎಕ್ಸ್ ಅಂತಃಛೇದ, ಅಂದ್ರೆ ಗೆರೆ ಎಕ್ಸ್ ಅಕ್ಷವನ್ನ ಕತ್ತರಿಸೋ ಕಡೆಯ ಎಕ್ಸ್ ಬೆಲೆ, ಬೇಕಂದ್ರೆ ವೈ = 0 ಹಾಕ್ಬೇಕು. ಮಕ್ಕಳು ಎಕ್ಸ್ ತಾನೇ ಕೇಳಿರೋದು ಅಂತ ಎಕ್ಸ್‌ಗೇ 0 ಹಾಕ್ಬಿಡ್ತಾರೆ. ವೈ ಅಂತಃಛೇದಕ್ಕೆ ಎಕ್ಸ್ = 0, ಅಷ್ಟೇ.

3ಎಕ್ಸ್ − 4ವೈ = 12 ತಗೊಳ್ಳಿ. ವೈ = 0 ಹಾಕಿದ್ರೆ 3ಎಕ್ಸ್ = 12, ಎಕ್ಸ್ = 4. ಬಿಂದು (4, 0).

ಈಗ ಎಕ್ಸ್ = 0 ಹಾಕಿ. ಇಲ್ಲಿ ನಿಧಾನ ಮಾಡಿ, ಎಡವೋದು ಇಲ್ಲೇ. ಉಳಿಯೋದು 4ವೈ ಅಲ್ಲ, −4ವೈ. ಆ ಮೈನಸ್ ಎರಡು ಪದಗಳ ಮಧ್ಯೆ ಇರೋ ಬರೀ ಕಳೆಯೋ ಚಿಹ್ನೆ ಅಂದ್ಕೊಂಡು 3ಎಕ್ಸ್ ಜೊತೆ ಅದನ್ನೂ ಅಳಿಸಿಬಿಡ್ತಾರೆ, ಆದ್ರೆ ಅದು 4ರ ಸ್ವತ್ತು, ಸಹಗುಣಕನೇ (ವೈ ಜೊತೆ ಗುಣಿಸಿರೋ ಸಂಖ್ಯೆ) −4. ಹಾಗಾಗಿ −4ವೈ = 12, ವೈ = −3, ಬಿಂದು (0, −3), ಮೂಲಬಿಂದುವಿನ ಕೆಳಗೆ. 3 ಅಂತ ಬರೆದ್ರೆ ಗೆರೆ ಬಲಕ್ಕೆ ಹೋಗ್ತಾ ಏರೋ ಬದಲು ಇಳಿಯತ್ತೆ, ಎರಡು ಸಮೀಕರಣದ ಲೆಕ್ಕ ಆದ್ರೆ ಇನ್ನೊಂದು ಗೆರೆ ಜೊತೆ ಸೇರೋ ಜಾಗನೂ ತಪ್ಪತ್ತೆ. ಅಂತಃಛೇದ ಅಂದ್ರೆ ಬರೀ ದೂರ ಅಲ್ಲ, ಚಿಹ್ನೆ ಸಮೇತ ಇರೋ ಸಂಖ್ಯೆ. ಪದವನ್ನ ಬೆರಳಲ್ಲಿ ಮುಚ್ಚಿ ಮಾಡೋ ಶಾರ್ಟ್‌ಕಟ್ ಒಳ್ಳೇದೇ, ಆದ್ರೆ ಬೆರಳು 3ಎಕ್ಸ್ ಮೇಲೆ ಮಾತ್ರ ಇರ್ಲಿ, ಮೈನಸ್ ಕಾಣ್ತಿರ್ಬೇಕು.

2ಎಕ್ಸ್ + 5ವೈ + 10 = 0 ಥರ ಕೊಟ್ರೆ ಮೊದಲು 10ನ್ನ ಆಚೆ ಕಳಿಸಿ −10 ಮಾಡ್ಕೊಳ್ಳಿ. ಆಮೇಲೆ ಎಕ್ಸ್ = −5, ವೈ = −2. ಕೆಲವು ಗೈಡ್‌ಗಳಲ್ಲಿ ಇದಕ್ಕೆ ಬರೀ ಸೂತ್ರ ಕೊಟ್ಟು ಬಾಯಿಪಾಠ ಮಾಡಿ ಅಂತಾರೆ, ದಯವಿಟ್ಟು ಬೇಡ, ಸಮೀಕರಣದ ರೂಪ ಸ್ವಲ್ಪ ಬದಲಾದ್ರೂ ಚಿಹ್ನೆ ಉಲ್ಟಾ ಆಗತ್ತೆ. ವೈ = 2ಎಕ್ಸ್ − 6 ರೂಪದಲ್ಲಿದ್ರೆ −6 ಅನ್ನೋದೇ ವೈ ಅಂತಃಛೇದ, ಎಕ್ಸ್‌ದು 3.

ಸ್ಥಿರಾಂಕನೇ ಇಲ್ದಿದ್ರೆ, ಅಂದ್ರೆ 2ಎಕ್ಸ್ − 3ವೈ = 0 ಥರ, ಎರಡೂ ಅಂತಃಛೇದ 0. ಒಂದೇ ಬಿಂದು ಸಿಕ್ತಲ್ಲ, ಲೆಕ್ಕ ತಪ್ಪಿರ್ಬೇಕು ಅಂತ ಹೊಡೆದುಹಾಕ್ಬೇಡಿ. ಗೆರೆ ಮೂಲಬಿಂದುವಿನ ಮೂಲಕ ಹೋಗತ್ತೆ, ಎಳೆಯೋಕೆ (3, 2) ಥರ ಇನ್ನೊಂದು ಬಿಂದು ಹುಡುಕಿ. ವೈ = 4 ಅಂತಿದ್ರೆ ಅದು ಎಕ್ಸ್ ಅಕ್ಷಕ್ಕೆ ಸಮಾಂತರ, ಎಕ್ಸ್ ಅಂತಃಛೇದ ಇಲ್ಲ. ಇಲ್ಲ ಅಂತಲೇ ಬರೀರಿ, 0 ಅಂತ ಅಲ್ಲ.

2ಎಕ್ಸ್ + 3ವೈ = 7ರಲ್ಲಿ ಅಂತಃಛೇದ 7/2, 7/3. ಉತ್ತರ ಸರಿನೇ, ಆದ್ರೆ 7/3ನ್ನ ಗ್ರಾಫ್ ಹಾಳೆ ಮೇಲೆ ಅಂದಾಜಲ್ಲಿ ಗುರುತಿಸ್ಬೇಡಿ. ಗೆರೆ ಎಳೆಯೋಕೆ (2, 1), (−1, 3) ತಗೊಳ್ಳಿ.

ಕೊನೇದಾಗಿ, ಮೂರನೇ ಬಿಂದು ಹಾಕ್ದೆ ಗೆರೆ ಎಳೀಲೇಬೇಡಿ. ಎರಡು ಬಿಂದುಗೆ ಹೇಗಿದ್ರೂ ಸ್ಕೇಲ್ ಕೂರತ್ತೆ, ತಪ್ಪು ಗೊತ್ತಾಗಲ್ಲ. ಮೊದಲನೇ ಲೆಕ್ಕದಲ್ಲಿ ಎಕ್ಸ್ = 8 ಹಾಕಿದ್ರೆ ವೈ = 3. ಗೆರೆ (8, 3) ಮೇಲೆ ಹೋಗ್ಲಿಲ್ಲ ಅಂದ್ರೆ ವಾಪಸ್ ಹೋಗಿ ಆ −4 ನೋಡಿ.