ಉತ್ತರಪತ್ರಿಕೆ ತಿದ್ದುವವರಿಗೆ ಒಂದು ಸಲಹೆ
ಒಬ್ಬರ ಪತ್ರಿಕೆಯನ್ನು ಒಂದೇ ಓಟದಲ್ಲಿ ಪೂರ್ತಿ ತಿದ್ದಬೇಡಿ. ಎಲ್ಲರ ಒಂದನೇ ಉತ್ತರ ಮುಗಿಸಿ, ಅಂಕಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟು, ಕಟ್ಟನ್ನು ಕಲೆಸಿ ಎರಡನೆಯದಕ್ಕೆ ಹೋಗಿ. ಮೊದಲ ಉತ್ತರ ಚೆನ್ನಾಗಿದ್ದರೆ ಮುಂದಿನ ಪುಟದ ಅಸ್ಪಷ್ಟ ವಾಕ್ಯಕ್ಕೂ ‘ತಿಳಿದೇ ಬರೆದಿದ್ದಾರೆ’ ಎಂದು ನಾವೇ ಅರ್ಥ ತುಂಬುತ್ತೇವೆ. ಮೊದಲನೆಯದು ಕೆಟ್ಟಿದ್ದರೆ ಅದೇ ವಾಕ್ಯಕ್ಕೆ ಅರ್ಧ ಅಂಕ ಖೋತಾ. 1946ರಲ್ಲಿ ಮನೋವಿಜ್ಞಾನಿ ಸಾಲೊಮನ್ ಆಶ್ ಒಬ್ಬ ವ್ಯಕ್ತಿಯ ಬಗ್ಗೆ ‘ಬುದ್ಧಿವಂತ’ ಎಂದು ಆರಂಭವಾಗಿ ‘ಅಸೂಯಾಪರ’ ಎಂದು ಮುಗಿಯುವ ಗುಣಪಟ್ಟಿಯನ್ನು ಒಂದು ಗುಂಪಿಗೂ, ಅದನ್ನೇ ತಿರುಗುಮುರುಗಾಗಿ ಇನ್ನೊಂದಕ್ಕೂ ಓದಿ ಹೇಳಿದರು. ಮೊದಲ ಗುಂಪಿಗೇ ಆ ವ್ಯಕ್ತಿ ಹೆಚ್ಚು ಮೆಚ್ಚುಗೆಯಾದ. ಹಿಂದಿನ ಉತ್ತರವನ್ನೇ ಆಧರಿಸಿ ಮುಂದುವರಿಯುವ ಲೆಕ್ಕಗಳಿಗೆ ಈ ಕ್ರಮ ಹೊಂದುವುದಿಲ್ಲ. ಕೈಬರಹ ನೋಡಿದೊಡನೆ ಯಾರೆಂದು ಗೊತ್ತಾಗುವ ಪುಟ್ಟ ತರಗತಿಯಲ್ಲಂತೂ ಅರ್ಧ ಪ್ರಯೋಜನ ಮಾತ್ರ.